ಒಂದು ಶಾಲು, ಮೂರು ಸಾಕ್ಷಿ

ಜನವರಿ 12

ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ, ಹಲ್ಲಿನ ಡಾಕ್ಟರರೊಬ್ಬರನ್ನು ಬಿಟ್ಟು.

ಅವರ ದುಃಖಕ್ಕೆ ಕಾರಣ ನಾವು ಬರೆದ ಬೋರ್ಡು. ಊರೆಲ್ಲ ಫ್ಲೆಕ್ಸ್ ಕಟ್ಟಿಸುತ್ತಿರುವ ಈ ಕಾಲದಲ್ಲಿ, "ನನಗೆ ಕೈಯಲ್ಲಿ ಬರೆದದ್ದೇ ಬೇಕು" ಎಂದು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದ ಪುಣ್ಯಾತ್ಮರು ಅವರು. ಅಂಥವರನ್ನು ಬರಿಗೈಯಲ್ಲಿ ಕಳಿಸಲಾದೀತೇ? ದೊಡ್ಡದೊಂದು ನಗುವ ಬಾಯಿ ಬರೆದೆ. ಒಂದೊಂದು ಹಲ್ಲೂ ಪೋಣಿಸಿಟ್ಟ ಮುತ್ತು. ಬಣ್ಣ ಎಂದಿನಂತೆ ನಮ್ಮನೆಯವಳು ಕಲೆಸಿ ಕೊಟ್ಟಳು. ತೂಗುಹಾಕಿ, ದೂರ ನಿಂತು ನೋಡಿ, ನಮ್ಮ ಬೆನ್ನು ನಾವೇ ತಟ್ಟಿಕೊಂಡು ಬಂದೆವು.

ವಾರ ಕಳೆದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಕರೆಸಿದರು. ಬಾಗಿಲು ಹಾಕಿ, ಹಲ್ಲು ಕೀಳುವ ಮೊದಲು ಧೈರ್ಯ ಹೇಳುವ ದನಿಯಲ್ಲಿ ಕೇಳಿದರು:

"ಬ್ರಷ್ ಸಾಹೇಬ್ರೇ, ಒಸಡು ಯಾಕೆ ನೇರಳೆ ಬಣ್ಣದಲ್ಲಿದೆ?"

"ನೇರಳೆನಾ?"

"ಬೋರ್ಡ್ ನೋಡಿದೋರು, ಇಲ್ಲಿ ಹೊಡೆದು ಹಲ್ಲು ಕೀಳ್ತಾರೆ ಅಂದ್ಕೊಂಡು ಎದುರುಗಡೆ ಡಾಕ್ಟ್ರ ಹತ್ರ ಹೋಗ್ತಿದಾರೆ."

ನಿನಗೂ ಇವಳಿಗೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲದ ಸತ್ಯವೊಂದಿದೆಯಲ್ಲ, ನನ್ನ ಕಣ್ಣಿಗೆ ಬಣ್ಣ ಹತ್ತುವುದಿಲ್ಲ. ಕೆಂಪು, ಹಸಿರು ನನಗೆ ಅವಳಿ ಮಕ್ಕಳು. ನೀಲಿ, ನೇರಳೆ ಒಂದೇ ತಟ್ಟೆಯಲ್ಲಿ ಉಣ್ಣುವ ಅಣ್ಣತಮ್ಮಂದಿರು. ಬೋರ್ಡ್ ಬರೆಯುವವನಿಗೆ ಬಣ್ಣ ಕಾಣದು ಎಂದರೆ ಅಡುಗೆಯವನಿಗೆ ನಾಲಿಗೆ ಇಲ್ಲ ಎಂದ ಹಾಗೆ. ಆದ್ದರಿಂದ ಮದುವೆಯಾದ ಹೊಸತರಲ್ಲೇ ನಮ್ಮಲ್ಲಿ ಒಪ್ಪಂದವಾಯಿತು: ಅಕ್ಷರ ನನ್ನದು, ಬಣ್ಣ ಅವಳದು. ನಾನು ಏಣಿಯ ಮೇಲೆ, ಅವಳು ಕೆಳಗೆ ನಿಂತು ಡಬ್ಬ ಎತ್ತಿ ಕೊಡುತ್ತಾ ಮೆಲುದನಿಯಲ್ಲಿ, "ಇದು ಕೆಂಪು, ಹಣ್ಣು ಮೆಣಸಿನಕಾಯಷ್ಟು. ಇದು ಹಸಿರು, ಎಳೇ ಬಾಳೆ ಎಲೆ" ಎನ್ನುತ್ತಿರುತ್ತಾಳೆ. ಗಿರಾಕಿಗಳು ಆಕೆ ಜಪ ಮಾಡುತ್ತಾಳೆ ಎಂದುಕೊಂಡಿದ್ದಾರೆ. ಅಂಥವಳ ಕೈ ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ.

ಕ್ಷೌರದಂಗಡಿಯ ಗೆಳೆಯನನ್ನು ಕರೆದುಕೊಂಡು ಹೋಗಿ, "ಕನ್ನಡಕ ಮರೆತು ಬಂದೆ ಮಾರಾಯ, ಗುಲಾಬಿ ಡಬ್ಬ ಯಾವುದು ನೋಡು" ಎಂದು ಸುಳ್ಳು ಹೇಳಿ ಒಸಡಿಗೆ ಬೇರೆ ಬಣ್ಣ ಬಳಿದು ಬಂದೆ. ಇವಳಿಗೆ ಮಾತ್ರ, ಡಾಕ್ಟರಿಗೆ ಬೋರ್ಡು ಬಹಳ ಹಿಡಿಸಿತಂತೆ ಎಂದು ಹೇಳಿದ್ದೇನೆ.

ಆದರೆ ನನಗೆ ಅರ್ಥವಾಗಿದೆ ಅಕ್ಕಾ. ಇತ್ತೀಚೆಗೆ ಇವಳು ಕಿಟಕಿಯ ಹತ್ತಿರ ಕೂತು ಡಬ್ಬಗಳನ್ನೇ ದಿಟ್ಟಿಸುತ್ತಾಳೆ, ನಿಟ್ಟುಸಿರಿಡುತ್ತಾಳೆ. ನನಗೆ ಕಣ್ಣಾಗಿ ಇದ್ದು ಇದ್ದು ಅವಳಿಗೆ ಸಾಕಾಗಿದೆ. ಮನಸ್ಸು ಎಲ್ಲೋ ಇದ್ದರೆ ಕೈ ನೇರಳೆ ಡಬ್ಬಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಏನು ಮಾಡಲಿ ಹೇಳು. ಅವಳಿಗೆ ಮಾತ್ರ ಬಾಯಿ ಬಿಡಬೇಡ.

ನಿನ್ನ ತಮ್ಮ,
ಬ್ರಷ್


ಜನವರಿ 15

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ತಮ್ಮ ಚೆನ್ನಾಗಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡುತ್ತಾರೆ, ಗೊರಕೆ ಹೊಡೆಯುತ್ತಾರೆ, ತಾವೇ ಅಕ್ಷರಕ್ಕೆ ಕೊಂಬು ಹಾಕುವುದನ್ನು ಮರೆತು ಗಿರಾಕಿಯ ಮೇಲೆ ರೇಗುತ್ತಾರೆ. ಅಂದರೆ ಆರೋಗ್ಯಕ್ಕೇನೂ ಕೊರತೆಯಿಲ್ಲ. ಹೊಸ ಹಲ್ಲಿನ ಡಾಕ್ಟರಿಗೆ ನಮ್ಮ ಬೋರ್ಡು ಎಷ್ಟು ಹಿಡಿಸಿದೆಯೆಂದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರಂತೆ. ಕೇಳಿ ನನಗೂ ಹೆಮ್ಮೆಯಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಇದು ನಿಮ್ಮಲ್ಲೇ ಇರಲಿ.

ಕೆಲವು ತಿಂಗಳಿಂದ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಸೂಜಿಯ ಕಣ್ಣು ಸಣ್ಣದಾಗಿದೆ, ಈಗಿನ ಸೂಜಿಗಳೇ ಹೀಗೆ, ಎಂದುಕೊಂಡಿದ್ದೆ. ತರಕಾರಿ ತರುವ ನೆಪ ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆ. ದೋಷ ಸೂಜಿಯ ಕಣ್ಣಿನದಲ್ಲವಂತೆ. ಎರಡು ಕಣ್ಣಿಗೂ ಪೊರೆ.

"ಪೊರೆ ತೆಗೆದು ಒಳಗೆ ಲೆನ್ಸ್ ಕೂರಿಸ್ತೀವಿ ಅಮ್ಮಾ. ಮೊದ್ಲು ಒಂದು ಕಣ್ಣು, ಆಮೇಲೆ ಇನ್ನೊಂದು. ಭಯಪಡೋ ಅಂಥದ್ದೇನಿಲ್ಲ" ಅಂದರು ಡಾಕ್ಟರು.

"ಆ ಲೆನ್ಸು ಯಾವ ಬಣ್ಣದ್ದು?" ಅಂದೆ.

ಅವರು ನಕ್ಕರು. ನಗುವವರ ಕೈಯಲ್ಲಿ ಕಣ್ಣು ಕೊಡುವುದು ಹೇಗೆ? ಬೇಡ ಎಂದು ಎದ್ದು ಬಂದೆ.

ಅತ್ತಿಗೆ, ಲೋಕ ಸ್ವಲ್ಪ ಮಂಜಾಗಿದೆ, ಅಷ್ಟೇ. ಬಣ್ಣ ಒಂದು ಚೂರೂ ಕದಲಿಲ್ಲ. ಈಗ ಕತ್ತರಿಸಿ ಬೇರೆ ಗಾಜು ಕೂರಿಸಿ, ಆ ಗಾಜಿನಲ್ಲಿ ಬಣ್ಣ ಒಂದು ಕೂದಲೆಳೆ ಆಚೀಚೆಯಾದರೆ? ಎಲ್ಲರ ಕಣ್ಣು ಅವರವರ ಸ್ವಂತದ್ದು. ನನ್ನದು ಇಬ್ಬರ ಹೆಸರಿನಲ್ಲಿರುವ ಮನೆಯ ಹಾಗೆ. ನಾನೊಬ್ಬಳೇ ಸಹಿ ಹಾಕಿ ಒಡೆಸಲಾಗುತ್ತದೆಯೇ? ಹಾಗಂತ ಇವರನ್ನು ಕೇಳಿದರೆ ಹೆದರಿ ಏಣಿಯಿಂದ ಬೀಳುತ್ತಾರೆ. ಹೇಳಬೇಡಿ.

ನಿಮ್ಮ ತಮ್ಮನ ಹೆಂಡತಿ


ಜನವರಿ 24

ಇಬ್ಬರಿಗೂ ಆಶೀರ್ವಾದ.

ಇಬ್ಬರ ಕಾಗದವೂ ತಲುಪಿತು. ಏನು ಬರೆದಿದ್ದೆ ಎಂದು ಒಬ್ಬರನ್ನೊಬ್ಬರು ಕೆದಕಬೇಡಿ. ಇಬ್ಬರೂ ಹವಾಮಾನದ ವಿಷಯ ಬರೆದಿದ್ದೀರಿ ಎಂದು ಯಾವ ಕೋರ್ಟಿನಲ್ಲಾದರೂ ಪ್ರಮಾಣ ಮಾಡುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು ಎನ್ನಬೇಡಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿ ಜೋಡಿಸಿ ನನ್ನ ಕಿವಿ ಖರ್ಚಾಗಿಹೋಗಿದೆ. ಈಗ ಫೋನು ಎತ್ತಿದರೆ ನೀವು ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ನಾನು ಬಾವಿಗೆ ಬಗ್ಗಿದವಳ ಹಾಗೆ ಕೂಗುತ್ತೇನೆ. ಪಕ್ಕದ ಮನೆಯವರು ಹಗ್ಗ ಹಿಡಿದು ಓಡಿ ಬರುತ್ತಾರೆ. ಕಾಗದವೇ ವಾಸಿ.

ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು: ಲೈನ್ ಕೊಡು, ಕಿವಿ ಕೊಡಬೇಡ. ಅಪ್ಪಿತಪ್ಪಿ ಕೇಳಿಸಿದರೆ ಸಾಯುವತನಕ ಹೊಟ್ಟೆಯಲ್ಲಿಟ್ಟುಕೋ. ಹಾಗೆ ಇಟ್ಟುಕೊಂಡ ಸರಕಿನಿಂದ ನನ್ನ ಹೊಟ್ಟೆ ಗೋದಾಮಿನ ಹಾಗಾಗಿದೆ. ನಿಮ್ಮದೂ ಅಲ್ಲೇ ಒಂದು ಮೂಲೆಯಲ್ಲಿ ಬಿದ್ದಿರಲಿ.

ಆದರೆ ಒಂದು ಮಾತು ಹೇಳಲು ನಿಯಮದ ಅಡ್ಡಿಯಿಲ್ಲ. ಒಂದೇ ಮೇಜಿನ ಎರಡು ಕಡೆ ಕೂತು ಕೂತು ಒಬ್ಬರ ಮುಖ ಇನ್ನೊಬ್ಬರಿಗೆ ಗೋಡೆಯ ಕ್ಯಾಲೆಂಡರಾಗಿದೆ. ದಿನಾ ನೋಡುತ್ತೀರಿ, ತಾರೀಕು ಮಾತ್ರ ಓದುತ್ತೀರಿ. ಅಂಗಡಿಗೆ ಬೀಗ ಹಾಕಿ, ಗುರುತಿನವರು ಯಾರೂ ಇಲ್ಲದ ಯಾವುದಾದರೂ ಊರು ನೋಡಿಕೊಂಡು ಬನ್ನಿ. ಅಲ್ಲಿಂದ ಇಬ್ಬರೂ ಬೇರೆ ಬೇರೆ ಕಾಗದ ಬರೆಯಿರಿ. ಹವಾಮಾನ ತಿಳಿಸಿ.

ಎಕ್ಸ್‌ಚೇಂಜ್ ಅಕ್ಕ


ಫೆಬ್ರವರಿ 18

ಅತ್ತಿಗೆ,

ನಿಮ್ಮ ಮಾತಿನಂತೆ ಬಂದಿದ್ದೇವೆ. ಲಾಡ್ಜಿನ ಕೋಣೆಯಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ಮಾತ್ರ ನಿಲ್ಲಬಹುದು. ಆದ್ದರಿಂದ ಸರದಿಯ ಮೇಲೆ ನಿಲ್ಲುತ್ತೇವೆ.

ಮೊದಲ ದಿನ ಇವರ ಇಷ್ಟ. ಹಳೇ ಪೇಟೆಯ ಬೀದಿ ಬೀದಿ ಅಲೆದು ಅಂಗಡಿಗಳ ಹೆಸರು ಓದಿದ್ದೇ ಓದಿದ್ದು. ಒಂದು ಕಬ್ಬಿಣದ ಅಂಗಡಿಯ ಬೋರ್ಡಿನ ಮುಂದೆ ನಿಂತು ಗೇಣು ಹಾಕಿ ಅಳೆದರು. ಅಂಗಡಿಯವನು ಬೋರ್ಡಿಗೆ ಬೆಲೆ ಕಟ್ಟಲು ಬಂದಿದ್ದಾರೆಂದುಕೊಂಡು ಕುರ್ಚಿ ಹಾಕಿದ. ಎರಡನೆಯ ದಿನ ನನ್ನ ಇಷ್ಟ, ಕೆರೆಯ ಪಕ್ಕದ ತೋಟ. ಇವರು ಗಿಡಕ್ಕಿಂತ ಗಿಡದ ಹೆಸರು ಬರೆದ ತಗಡಿನ ಮುಂದೆ ಹೆಚ್ಚು ಹೊತ್ತು ನಿಂತರು. ಹೂವು ತೋರಿಸಿದರೆ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಾರೆ, ಹೆಣ್ಣು ನೋಡಲು ಹೋಗಿ ಒಪ್ಪಿಗೆಯಾಗದವರ ಹಾಗೆ.

ಈಗ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಅಂದರು:

"ನಾಳೆ ನೀನು ಆ ದೊಡ್ಡ ಗಾಜಿನ ಮನೆಗೆ ಹೋಗಿ ನಿನ್ನ ಹೂವೆಲ್ಲ ನೋಡು. ನಾನು ಹಳೇ ಪ್ರೆಸ್ಸಿನ ಅಚ್ಚುಮೊಳೆ ಇಟ್ಟಿರೋ ಕಡೆ ಹೋಗ್ತೀನಿ."

"ನಾನಿಲ್ದೆ ರಸ್ತೆ ದಾಟ್ತೀರಾ? ಸಿಗ್ನಲ್ಲು ಕೆಂಪೋ ಹಸಿರೋ ಯಾರು ಹೇಳ್ತಾರೆ?"

"ಮೇಲಿಂದು ಉರಿದ್ರೆ ನಿಲ್ಲು, ಕೆಳಗಿಂದು ಉರಿದ್ರೆ ನಡಿ. ಅಷ್ಟೂ ಗೊತ್ತಿಲ್ವಾ ನಂಗೆ?"

"ನನ್ನ ಜೊತೆ ಬೇಜಾರಾಯ್ತಾ?"

"ಛೆ, ನಿಂಗೂ ಒಂದು ದಿನ ರಜ ಬೇಡ್ವಾ ಅಂತ."

ರಜವಂತೆ! ಮದುವೆಯಾದಂದಿನಿಂದ ಹಗಲು ಹೊತ್ತು ಬೇರೆ ಬೇರೆ ಇದ್ದದ್ದೇ ಇಲ್ಲ. ಕಣ್ಣಿನ ವಿಷಯ ಇವರಿಗೆ ವಾಸನೆ ಬಡಿಯಿತೇ ಎಂದು ನನಗೊಂದು ಅನುಮಾನ. ಆದರೂ ಒಪ್ಪಿಕೊಂಡೆ. ಆಪರೇಷನ್ ಮಾಡಿಸಲಿ ಬಿಡಲಿ, ಬಣ್ಣಗಳನ್ನು ಒಮ್ಮೆ ಹೊಟ್ಟೆ ತುಂಬ ನೋಡಿಕೊಂಡು ಬರಬೇಕು ಎಂದು ಆಸೆ.

ನಿಮ್ಮ ತಮ್ಮನ ಹೆಂಡತಿ


ಫೆಬ್ರವರಿ 19

ಅಕ್ಕಾ,

ನಿನ್ನ ತಮ್ಮ ಈ ದಿನ ಒಬ್ಬನೇ ರಸ್ತೆ ದಾಟಿದ್ದಾನೆ. ಊರಿನಲ್ಲಿ ಡಂಗುರ ಹೊಡೆಸು.

ಬೆಳಿಗ್ಗೆ ಇವಳನ್ನು ಗಾಜಿನ ಮನೆಯ ಬಸ್ಸಿಗೆ ಹತ್ತಿಸಿ ನಾನು ಅಚ್ಚುಮೊಳೆಗಳ ಸಂಗ್ರಹ ನೋಡಲು ಹೋದೆ. ಸೀಸದ ಅಕ್ಷರ, ಮರದ ಅಕ್ಷರ, ಬೆರಳುಗುರಿನಷ್ಟು ಸಣ್ಣದು, ಬಾಗಿಲಿನಷ್ಟು ದೊಡ್ಡದು. ಅಲ್ಲೊಂದು 'ಳ' ಇತ್ತು ಅಕ್ಕಾ, ಅದರ ಸುಳಿ ಹೇಗೆ ತಿರುಗಿತ್ತೆಂದರೆ, ನೋಡಿದವನು ಬ್ರಷ್ಷು ತೊಳೆದಿಟ್ಟು ಸನ್ಯಾಸ ತೆಗೆದುಕೊಳ್ಳಬೇಕು. "ಇಲ್ಲಿ ನೋಡೇ!" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೋ ಮೀಸೆಯ ಮನುಷ್ಯ. ಪಾಪ, ನೋಡಿದ. "ಳ" ಎಂದ. ಹೌದು ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಯಾವ ಅಕ್ಷರವೂ ರುಚಿಸಲಿಲ್ಲ. ಇವಳಿಗೆ ಏನಾದರೂ ಕೊಳ್ಳೋಣ ಎಂದು ಪೇಟೆಗೆ ಹೋದೆ. ಇವಳಿಗೆ ನೇರಳೆ ಎಂದರೆ ಪ್ರಾಣ. "ನೀಲಿಗೂ ಕೆಂಪಿಗೂ ಜಗಳವಾಗಿ ಕೊನೆಗೆ ರಾಜಿಯಾದ ಬಣ್ಣ" ಎಂದು ನನಗೆ ಪಾಠ ಹೇಳಿದ್ದಳು. ಅಂಗಡಿಯವನು ಒಂದು ಶಾಲು ಹರಡಿದ. "ನೇರಳೆ ಸಾರ್, ಅಸಲಿ ನೇರಳೆ" ಎಂದ. ಮಾರುವವನ ಮಾತು, ಮದುವೆ ದಲ್ಲಾಳಿಯ ಮಾತು ಒಂದೇ ತೂಕ. ಸಾಕ್ಷಿ ಬೇಕೆಂದು ಹಟ ಹಿಡಿದೆ.

ಮೊದಲ ಸಾಕ್ಷಿ, ಅಂಗಡಿಯಲ್ಲಿ ಮಗಳಿಗೆ ಬಟ್ಟೆ ನೋಡುತ್ತಿದ್ದ ಒಬ್ಬ ಹೆಂಗಸು. "ನೇರಳೆ ಅಲ್ದೆ ಇನ್ನೇನು?" ಎಂದಳು. ಅಂಗಡಿಯವನ ನೆಂಟಳಿರಬಹುದು ಎಂದು ಶಾಲನ್ನು ರಸ್ತೆಗೆ ತಂದೆ. ಅಂಗಡಿಯವನೂ ಹಿಂದೆ ಓಡಿ ಬಂದ. ಚೌಕದಲ್ಲಿ ಪೊಲೀಸಿನವನು ನಿಂತಿದ್ದ.

"ಸಾರ್, ಇದು ಯಾವ ಬಣ್ಣ?"

"ಯಾಕ್ರೀ, ಕಳ್ಳ ಮಾಲಾ?"

"ಇಲ್ಲ ಸಾರ್. ನನ್ನ ಕಣ್ಣಿಗೆ ಬಣ್ಣ ಹತ್ತಲ್ಲ."

ಹೇಳಿಬಿಟ್ಟೆ ಅಕ್ಕಾ! ನಡುಬೀದಿಯಲ್ಲಿ, ಹಾಡುಹಗಲು, ಪೊಲೀಸಿನವನಿಗೆ! ಆಕಾಶ ಬೀಳಲಿಲ್ಲ. ಅವನು ಶಾಲನ್ನು ಬಿಸಿಲಿಗೆ ಹಿಡಿದು ನ್ಯಾಯಾಧೀಶರ ಹಾಗೆ ನೋಡಿ, "ನೇರಳೆ. ನಮ್ಮನೆಯವಳ ಹತ್ರನೂ ಒಂದಿದೆ. ಜೋಪಾನ, ಬಿಸಿನೀರಿಗೆ ಹಾಕ್ಬೇಡಿ" ಎಂದ. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಮುದುಕಪ್ಪ ಕೇಳದೆಯೇ ಮೂರನೆಯ ಸಾಕ್ಷಿಯಾದ: "ಬದನೆಕಾಯಿ ಬಣ್ಣ ಕಣಪ್ಪಾ!"

"ಹಾಗಂದ್ರೆ ನೇರಳೆನೇ ತಾನೆ ಅಜ್ಜಾ?"

"ನಮ್ಮ ಕಾಲದ ಬದನೆಕಾಯಿ ಆಗಿತ್ತು. ಈಗಿನವು ಹೇಗೋ ಗೊತ್ತಿಲ್ಲ."

ಮೂರು ಸಾಕ್ಷಿ ಸಾಕು, ಗಲ್ಲಿಗೂ ಹಾಕಬಹುದು. ಕೊಂಡು ತಂದೆ. ಇವಳು ಬಿಚ್ಚಿ ನೋಡಿ, "ಅಬ್ಬಾ, ಎಂಥ ನೇರಳೆ!" ಎಂದು ಎದೆಗೊತ್ತಿಕೊಂಡಳು. ಆಮೇಲೆ ಯಾಕೋ ಕಿಟಕಿಯ ಕಡೆ ತಿರುಗಿ ನಿಂತಳು.

ಈಗ ಗಟ್ಟಿಯಾಯಿತು. ನಾನು ಕೇಳಿ ತಿಳಿದುಕೊಂಡು ಬದುಕಬಲ್ಲೆ. ಊರಿಗೆ ಹೋದ ಮೇಲೆ, "ಸಾಕು ಕಣೇ, ಅಂಗಡಿ ಮುಚ್ಚೋಣ, ನಿನ್ನ ಕಣ್ಣು ನಿನಗಿರಲಿ" ಎಂದು ಇವಳಿಗೆ ಹೇಳಿಬಿಡಲೇ? ಬಿಡುಗಡೆಯೂ ಒಂದು ಉಡುಗೊರೆಯಲ್ಲವೇ? ಅಕ್ಷರ ಸೊಟ್ಟಗಾಗಿದ್ದರೆ ತಪ್ಪು ತಿಳಿಯಬೇಡ, ಲಾಡ್ಜಿನ ಮೇಜು ಸರಿಯಿಲ್ಲ.

ನಿನ್ನ ತಮ್ಮ,
ಬ್ರಷ್


ಫೆಬ್ರವರಿ 20

ಅತ್ತಿಗೆ,

ನಿನ್ನೆಯ ಹಗಲು ನಾನು ಗೈಡ್ ಆಗಿದ್ದೆ. ನಂಬಿ.

ಗಾಜಿನ ಮನೆ ಎಂದರೆ ಗಾಜಿನ ಮನೆ. ಸೂರೆಲ್ಲ ಬೆಳಕು, ಕೆಳಗೆ ಸಾಲು ಸಾಲು ಹೂವು. ನಾನು ನನ್ನ ಪಾಡಿಗೆ, "ಇದು ಹಳದಿ, ಸೋಡಾ ಅಂಗಡಿ ಬೋರ್ಡಿಗೆ ಹಾಕಿದ್ವಲ್ಲ ಅದು. ಇದು ಕೆಂಪು, ಆದ್ರೆ ಕ್ಷೌರದಂಗಡಿ ಕೆಂಪಲ್ಲ, ಅದಕ್ಕಿಂತ ಒಂದು ಮೊಗ್ಗು ಕಡಿಮೆ" ಎಂದುಕೊಂಡು ನಡೆದಿದ್ದೇನೆ. ಹಿಂದೆ ತಿರುಗಿದರೆ ಒಂದು ಗುಂಪು! ನಾನು ನಿಂತರೆ ಅವರೂ ನಿಲ್ಲುತ್ತಾರೆ. ಒಬ್ಬರು, "ಜೋರಾಗಿ ಹೇಳಿ, ಹಿಂದಿನವರಿಗೆ ಕೇಳಿಸ್ತಿಲ್ಲ" ಎಂದರು. ಸರಿ, ಜೋರಾಗಿ ಹೇಳಿದೆ.

ಎಲ್ಲ ಸರಿಯಾಗಿತ್ತು, ಒಂದು ಮಡಿಯ ಹತ್ತಿರ ಬರುವವರೆಗೆ. "ಇದು ಕಂದು, ಒದ್ದೆ ಗೋಣಿಚೀಲದ ಕಂದು" ಅಂದೆ. ಕನ್ನಡಕ ಹಾಕಿದ ಹೆಂಗಸೊಬ್ಬಳು ಬಾಯಿ ಹಾಕಿದಳು:

"ಅದು ನೇರಳೆ ಅಲ್ವೇನಮ್ಮಾ?"

"ಅಲ್ಲಮ್ಮ, ಕಂದು. ನಾನು ಬಣ್ಣದಲ್ಲೇ ಬದುಕಿರೋಳು."

"ನಾನೂ ಕಣ್ಣಿಟ್ಕೊಂಡೇ ಬದುಕಿರೋಳು."

ಗುಂಪಿನವರನ್ನು ಕೇಳಿದರೆ ಅಷ್ಟೂ ಜನ ಅವಳ ಪಕ್ಷ! ಆ ಊರಿನ ನೀರಿನಲ್ಲೇ ಏನೋ ದೋಷವಿರಬೇಕು ಅತ್ತಿಗೆ. ಪಾಪ, ಅವಳ ಕನ್ನಡಕದ ನಂಬರು ಬದಲಾಗಿದೆ, ಯಾರಾದರೂ ತಿಳಿಸಬೇಕು.

ಗುಂಪು ಕರಗಿದ ಮೇಲೆ ತೋಟದ ಮಾಲಿ ಬಂದು ಕೇಳಿದ, "ಅಮ್ಮಾ, ಜನ ಸೇರೋಕೆ ಮುಂಚೆನೂ ಮಾತಾಡ್ತಿದ್ರಿ. ಯಾರ ಜೊತೆ?"

"ಏಣಿ ಮೇಲಿರೋರ ಜೊತೆ" ಅಂದೆ. ಅವನು ಸೂರು ನೋಡಿದ.

ಸಂಜೆ ಲಾಡ್ಜಿಗೆ ಬಂದರೆ ಇವರು ಹಬ್ಬದ ಮುಖ ಮಾಡಿಕೊಂಡು ಪೊಟ್ಟಣ ಕೊಟ್ಟರು. "ನೇರಳೆ! ನಿಂಗಿಷ್ಟ ಅಲ್ವಾ?" ಬಿಚ್ಚಿದೆ. ಅತ್ತಿಗೆ, ಹೇಗೆ ಹೇಳಲಿ, ಕೆಸರು. ಎಮ್ಮೆ ಎದ್ದು ಹೋದ ಹೊಂಡದ ಬಣ್ಣ. ಯಾರೋ ನಿಮ್ಮ ತಮ್ಮನ ತಲೆಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ. ಆದರೆ ಆ ಮುಖ ನೋಡಿ ನಿಜ ಹೇಳುವ ಕಟುಕತನ ನನಗಿಲ್ಲ. "ಅಬ್ಬಾ, ಎಂಥ ನೇರಳೆ!" ಎಂದು ಕಿಟಕಿಯ ಕಡೆ ತಿರುಗಿಕೊಂಡೆ. ಕಣ್ಣೀರು ಕಂಡರೆ ಕಾರಣ ಹೇಳಬೇಕಲ್ಲ.

ಅದಕ್ಕೇ ಹೇಳುತ್ತೇನೆ, ಆಪರೇಷನ್ ಬೇಡವೇ ಬೇಡ. ಒಂದು ಹಗಲು ನಾನು ಜೊತೆಗಿಲ್ಲದ್ದಕ್ಕೆ ಕೆಸರು ಹೊದ್ದುಕೊಂಡೆ. ನನ್ನ ಕಣ್ಣಿಗೆ ಏನಾದರೂ ಆದರೆ ಇವರ ಗತಿಯೇನು?

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ 2

ಇಬ್ಬರಿಗೂ,

ಇಷ್ಟು ವರ್ಷ ಪಾಲಿಸಿದ ನಿಯಮವನ್ನು ಈ ದಿನ ಮುರಿಯುತ್ತಿದ್ದೇನೆ. ಎಕ್ಸ್‌ಚೇಂಜಿನವರು ಬೇಕಾದರೆ ಪಿಂಚಣಿ ನಿಲ್ಲಿಸಲಿ.

ನಿಮ್ಮ ಲಾಡ್ಜಿನ ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದೆ. ಒಂದರಲ್ಲಿ ಒಂದು ಶಾಲು, ಬಣ್ಣ ನೇರಳೆ, ಸಾಕ್ಷಿ ಮೂವರು, ಅದರಲ್ಲೊಬ್ಬ ಪೊಲೀಸು. ಇನ್ನೊಂದರಲ್ಲಿ ಅದೇ ಶಾಲು; ಬಣ್ಣ ಕೆಸರು; ಸಾಕ್ಷಿ ಯಾರೂ ಇಲ್ಲ. ಅದರ ಜೊತೆಗೆ ಒಂದು ಗಾಜಿನ ಮನೆ ತುಂಬ ಜನ, ಹಲ್ಲಿನ ಡಾಕ್ಟರ ಬೋರ್ಡು. ಕೂಡಿ ಕಳೆದು ನೋಡಲು ಕಿವಿ ಬೇಕಿಲ್ಲ.

ಲೇ ತಮ್ಮಾ, ಅವಳಿಗೆ ನಿನ್ನ ಮೇಲೆ ಬೇಸರವಿಲ್ಲ, ಕಣ್ಣಿನಲ್ಲಿ ಪೊರೆ ಇದೆ. ಹೆಂಡತಿ ಕಿಟಕಿಯ ಹತ್ತಿರ ನಿಟ್ಟುಸಿರಿಟ್ಟರೆ ಅದಕ್ಕೆ ತಾನೇ ಕಾರಣ ಎಂದುಕೊಳ್ಳುವುದು ಗಂಡಸಿನ ಜಂಭ. ಅಂಗಡಿ ಮುಚ್ಚುವ ಮಾತು ಬಾಯಿಗೆ ಬಂದರೆ ನಾಲಿಗೆಗೆ ನೇರಳೆ ಬಳಿಯುತ್ತೇನೆ.

ನೀನು ಕೇಳು ಹುಡುಗೀ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ಗಾದೆ ಮಾಡಿದವರು ಪೊರೆಗೂ ಒಂದು ಮಾಡಬೇಕಿತ್ತು, ಮರೆತರು. ಕಾಪಾಡುತ್ತೇನೆ ಎಂದು ನೀನು ಬಚ್ಚಿಟ್ಟುಕೊಂಡಿರುವ ಬಣ್ಣ ಆಗಲೇ ಸೋರಿಹೋಗಿದೆ. ನಂಬಿಕೆಯಾಗದಿದ್ದರೆ ಶಾಲು ತೆಗೆದುಕೊಂಡು ಹೋಗಿ ನೀನೂ ಮೂರು ಜನರನ್ನು ಕೇಳು.

ಇದರ ಜೊತೆ ಅವನ ಕಾಗದಗಳನ್ನು ನಿನಗೆ, ನಿನ್ನವನ್ನು ಅವನಿಗೆ ಇಟ್ಟಿದ್ದೇನೆ. ಜನವರಿಯವೂ ಇವೆ. ನನ್ನ ಕೆಲಸ ಇಷ್ಟೇ.

ಲೈನ್ ಸೇರಿಸಿದ್ದೇನೆ. ಮಾತಾಡಿ.

ಎಕ್ಸ್‌ಚೇಂಜ್


ಮಾರ್ಚ್ 17

ಅತ್ತಿಗೆ,

ನೀವು ಸೇರಿಸಿದ ಲೈನಿನಲ್ಲಿ ಬಹಳ ಹೊತ್ತು ಬರೀ ಕರಕರ ಸದ್ದು.

ಮೇಜಿನ ಆ ಕಡೆ ಇವರು, ಈ ಕಡೆ ನಾನು, ಓದಿ ಮುಗಿಸಿದೆವು. ಇಬ್ಬರೂ ಒಟ್ಟಿಗೇ ತಲೆ ಎತ್ತಿದೆವು.

"ಪೊರೆನಾ?" ಅಂದರು ಇವರು.

"ಒಸಡು ನೇರಳೆನಾ?" ಅಂದೆ ನಾನು.

ಇವರು ಬ್ರಷ್ಷುಗಳನ್ನೆಲ್ಲ ತೊಳೆದರು, ಒಣಗಿದ್ದನ್ನು ಮತ್ತೆ ತೊಳೆದರು. ನಾನು ಡಬ್ಬಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಮುಚ್ಚಳ ತೆಗೆದು ನೋಡಿದೆ. ನನಗೆಲ್ಲ ಸರಿಯಾಗಿಯೇ ಕಂಡವು. ಅದಕ್ಕೇ ಭಯವಾಯಿತು.

ಆದರೂ ಹಟ ಬಿಡಲಿಲ್ಲ. ಶಾಲು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟೆ. ಹಾಲು ಹಾಕುವವಳು ನೇರಳೆ ಎಂದಳು. ಕ್ಷೌರದಂಗಡಿಯವನು ನೇರಳೆ ಎಂದ. ಯಾಕೆ ಈ ಗಂಡ ಹೆಂಡತಿ ಇಬ್ಬರೂ ನನ್ನನ್ನೇ ಬಣ್ಣ ಕೇಳುತ್ತಾರೆ ಎಂದು ಗಿರಾಕಿಯ ಹತ್ತಿರ ಗೊಣಗಿದ. ಮೂರನೆಯವರು ಹಲ್ಲಿನ ಡಾಕ್ಟರು. ಶಾಲನ್ನು ಮುಟ್ಟಲೂ ಇಲ್ಲ.

"ಅಮ್ಮಾ, ಈ ಬಣ್ಣಾನ ನಾನು ಎಲ್ಲಿದ್ರೂ ಗುರುತು ಹಿಡೀತೀನಿ. ಒಂದು ವಾರ ನನ್ನ ಬಾಗಿಲ ಮೇಲಿತ್ತು."

ಅಲ್ಲೇ ಅವರ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರು, ಹಲ್ಲು ಕಿತ್ತರೆಂದುಕೊಂಡು ಎದ್ದು ಹೋದರಂತೆ. ಆ ಮನುಷ್ಯನಿಗೆ ನಮ್ಮಿಂದ ಒಳ್ಳೆಯದಾಗುವುದು ಹಣೆಯಲ್ಲಿ ಬರೆದಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ, "ನಿಮ್ಮ ಶಾಲು ನೇರಳೆನೇ ಅಂತೆ. ನನ್ನ ಕಣ್ಣೇ ಕೆಸರು."

"ಆಪರೇಷನ್ ಮಾಡಿಸ್ಕೋ."

"ಮಾಡಿಸ್ಕೊಂಡ ಮೇಲೂ ಬಣ್ಣ ತಪ್ಪಿದ್ರೆ?"

ಇವರು ಏಣಿಗೆ ಒರಗಿ ನಿಂತರು. "ತಪ್ಪಿದ್ರೆ ತಪ್ಪಲಿ ಬಿಡೇ. ಇಬ್ರೂ ರಸ್ತೆಗೆ ಹೋಗಿ ನಿಂತ್ಕೊಂಡು ಹೋಗೋ ಬರೋರನ್ನ ಕೇಳೋಣ. ಪೊಲೀಸ್‌ನವರು ತುಂಬ ಒಳ್ಳೆ ಜನ."

ನಗು ಬಂತು ಅತ್ತಿಗೆ. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ. ಬಲಗಣ್ಣಿಗೆ ತಾರೀಕು ತೆಗೆದುಕೊಂಡಿದ್ದೇವೆ.

ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ 9

ಅಕ್ಕಾ,

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವಳನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ಹೋಗುವಾಗ ಹಿಂದೆ ತಿರುಗಿ, "ಈ ಗೋಡೆ ತಿಳಿ ಹಸಿರು, ಬಾಗಿಲು ಬೂದಿ, ನೀವು ಕೂತಿರೋ ಬೆಂಚು ಕಂದು" ಎಂದು ಹೇಳಿ ಹೋದಳು. ನನಗೆ ಬೇಕಾಗುತ್ತದೆಂದೋ, ತನಗೆ ನೆನಪಿರಲೆಂದೋ.

ನರ್ಸಮ್ಮ ಬಂದು, "ನೀಲಿ ಚೀಟಿ ಕೊಡಿ" ಎಂದರು. "ನನಗೆ ಬಣ್ಣ ಹತ್ತಲ್ಲಮ್ಮ, ಯಾವುದು ನೀಲಿ ನೀವೇ ಆರಿಸ್ಕೊಳಿ" ಎಂದು ಮೂರೂ ಚೀಟಿ ಚಾಚಿದೆ. ಪಕ್ಕದಲ್ಲಿ ಕೂತಿದ್ದವರು, "ನಮ್ಮ ಭಾವನಿಗೂ ಹಾಗೇ" ಎಂದರು. ಈಗ ಬೆಂಚಿನ ತುಂಬ ಅದೇ ಮಾತು. ನಾನು ಒಬ್ಬಂಟಿ ಎಂದುಕೊಂಡಿದ್ದೆ. ನೋಡಿದರೆ ಮನೆಗೊಬ್ಬರಂತೆ ಇದ್ದೇವೆ.

ಶಾಲು ನನ್ನ ತೊಡೆಯ ಮೇಲಿದೆ. ಬಾಗಿಲಿನ ಮೇಲೆ ದೀಪವೊಂದು ಉರಿಯುತ್ತಿದೆ. ಕೆಂಪೋ ಹಸಿರೋ ಯಾರನ್ನೂ ಕೇಳಿಲ್ಲ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ, ಬಾಗಿಲು ತೆರೆಯಿತು.

ನಿನ್ನ ತಮ್ಮ


ಏಪ್ರಿಲ್ 13

ಅತ್ತಿಗೆ,

ಇದನ್ನು ಬಲಗಣ್ಣು ಬರೆಯಿಸುತ್ತಿದೆ. ಎಡಗಣ್ಣು ಹೊಟ್ಟೆಕಿಚ್ಚಿನಿಂದ ನೋಡುತ್ತಿದೆ.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗೋಡೆ. ನಾನು ತಿಳಿ ಹಸಿರು ಎಂದು ಹೇಳಿ ಹೋಗಿದ್ದೆನಲ್ಲ, ಅದು ನೀಲಿ. ತೊಳೆದಿಟ್ಟ ಆಕಾಶದ ಹಾಗೆ ನೀಲಿ. ಎರಡನೆಯದು ನಿಮ್ಮ ತಮ್ಮನ ಅಂಗಿ. ಒಳ್ಳೆಯ ಗಂಭೀರ ಕಂದು ಎಂದು ಹೋದ ವರ್ಷ ನಾನೇ ಆರಿಸಿ ಕೊಟ್ಟಿದ್ದೆ. ಅದು ಬೀಟ್‌ರೂಟ್! ಅದನ್ನೇ ಹಾಕಿಕೊಂಡು ಊರೆಲ್ಲ ಓಡಾಡಿದ್ದಾರೆ. ನಮ್ಮ ಊರಿನ ಜನ ಎಂಥ ಒಳ್ಳೆಯವರು ಅತ್ತಿಗೆ, ಒಬ್ಬರೂ ಬಾಯಿ ಬಿಡಲಿಲ್ಲ.

"ಶಾಲು ತಂದಿದೀರಾ?" ಅಂದೆ.

ಮಡಿಲಿಗೆ ಹಾಕಿದರು. ಬಲಗಣ್ಣಿನಲ್ಲಿ ನೋಡಿದೆ. ನಂಬಿಕೆಯಾಗದೆ ಅದನ್ನು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ: ಕೆಸರು. ಮತ್ತೆ ಬಲ. ಮತ್ತೆ ಎಡ. ಒಂದು ಕಣ್ಣು ಮುಚ್ಚಿದರೆ ಮೋಸಹೋದವರು ಇವರು, ಇನ್ನೊಂದು ಮುಚ್ಚಿದರೆ ನಾನು.

ನರ್ಸು ಗದರಿದಳು, "ಅಮ್ಮಾ, ಹಾಗೆಲ್ಲ ಕಣ್ಣು ಹೊಡೀಬಾರ್ದು, ಔಷಧಿ ಹಾಕಿದೆ."

"ನನ್ನ ಗಂಡನಿಗೇ ತಾನೆ ಹೊಡೀತಿರೋದು" ಅಂದೆ.

ಇವರು ಮಾತ್ರ ನಗಲಿಲ್ಲ. ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು. "ಯಾವ ಬಣ್ಣ ಕಾಣ್ತಿದೆ?" ಅಂದರು.

"ನೀವೇ ಹೇಳಿ."

"ನಾನಾ?"

"ನೀವೇ."

ಗಂಟಲು ಸರಿ ಮಾಡಿಕೊಂಡು, ಏಣಿಯ ಕೆಳಗೆ ನಿಂತು ನಾನು ಹೇಳುತ್ತೇನಲ್ಲ ಅದೇ ಮೆಲುದನಿಯಲ್ಲಿ ಅಂದರು, "ನೇರಳೆ. ನೀಲಿಗೂ ಕೆಂಪಿಗೂ ಜಗಳವಾಗಿ ರಾಜಿಯಾಗಿದ್ದು."

ಹೌದು ಅತ್ತಿಗೆ, ಅದೇ.

ಎಡಗಣ್ಣಿಗೂ ತಾರೀಕು ಹಾಕಿಸಿದ್ದೇನೆ. ಅಂಗಡಿ ತೆರೆದಿದೆ. ಬಣ್ಣ ಕಲೆಸುವಾಗ ಎಡಗಣ್ಣಿಗೆ ಕೈ ಅಡ್ಡ ಹಿಡಿದುಕೊಳ್ಳುತ್ತೇನೆ. ಗಿರಾಕಿಗಳು ಜಪದಲ್ಲಿ ಇದೂ ಒಂದು ವಿಧಾನ ಎಂದುಕೊಂಡಿದ್ದಾರೆ. ಹಲ್ಲಿನ ಡಾಕ್ಟರ ಬೋರ್ಡನ್ನು ಹೋಗಿ ನೋಡಿದೆ. ಕ್ಷೌರದಂಗಡಿಯವನು ಆರಿಸಿ ಕೊಟ್ಟ ಗುಲಾಬಿಯೂ ಅಷ್ಟಕ್ಕಷ್ಟೇ. ನಾಳೆ ಏಣಿ ತೆಗೆದುಕೊಂಡು ಇಬ್ಬರೂ ಹೋಗುತ್ತೇವೆ. ಆ ಪುಣ್ಯಾತ್ಮರು ಬಾಗಿಲು ಹಾಕಿಕೊಳ್ಳದಿದ್ದರೆ ಸಾಕು.

ಎಡಗಣ್ಣೂ ತೊಳೆದುಕೊಂಡ ಮೇಲೆ ಅದೇ ಊರಿಗೆ ಮತ್ತೆ ಹೋಗುತ್ತೇವೆ. ಒಂದು ಹಗಲು ಮತ್ತೆ ಬೇರೆ ಬೇರೆ ತಿರುಗುವುದೆಂದು ಈಗಲೇ ಮಾತಾಗಿದೆ. ಇವರು ತಮ್ಮ 'ಳ' ನೋಡಲು ಹೋಗಲಿ. ನಾನು ಗಾಜಿನ ಮನೆಯ ಬಾಗಿಲಲ್ಲಿ ಸಂಜೆಯವರೆಗೆ ಕಾದಾದರೂ ಸರಿ, ಆ ಕನ್ನಡಕದ ಹೆಂಗಸನ್ನು ಹುಡುಕಿ, ಅವಳ ನಂಬರು ಸರಿಯಾಗಿದೆ ಎಂದು ಹೇಳಿ ಬರಬೇಕು.

ನಿಮ್ಮ ತಮ್ಮನ ಹೆಂಡತಿ,
ಶಾಲು ಹೊದ್ದುಕೊಂಡು